ಕಂಪ್ಯೂಟರಿಗೊಂದು ಗುರುತು: ಹಾರ್ಡ್‌ವೇರ್ ವಿವರಗಳಿಂದ ಮಷೀನ್ ಐಡಿ ಮಾಡುವ ಬಗೆ

"ನಮ್ಮ ಸಾಫ್ಟ್‌ವೇರ್ ಒಂದೇ ಕಂಪ್ಯೂಟರಿನಲ್ಲಿ ಓಡಬೇಕು. ಆ ಕಂಪ್ಯೂಟರನ್ನು ಗುರುತು ಹಿಡಿಯುವುದು ಹೇಗೆ? ಮ್ಯಾಕ್ ಅಡ್ರೆಸ್ ತಗೊಂಡರೆ ಸಾಕಲ್ವಾ?" ಈ ಪ್ರಶ್ನೆ ಪದೇ ಪದೇ ಬರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ.

ಚಿಕ್ಕ ಉತ್ತರ: ಮ್ಯಾಕ್ ಅಡ್ರೆಸ್, ಅಂದರೆ ನೆಟ್‌ವರ್ಕ್ ಕಾರ್ಡಿನ ವಿಳಾಸ, ಒಂದೇ ಸಾಲದು. ಕಂಪ್ಯೂಟರಿನೊಳಗೆ "ಇದೇ ನಾನು" ಎಂದು ಹೇಳುವ ಒಂದು ಸಂಖ್ಯೆ ಎಲ್ಲೂ ಕೂತಿಲ್ಲ. ಇರುವುದು ಬಿಡಿಭಾಗಗಳ ಸಂಖ್ಯೆಗಳು ಮಾತ್ರ. ಮದರ್‌ಬೋರ್ಡಿಗೊಂದು, ಡಿಸ್ಕಿಗೊಂದು, ನೆಟ್‌ವರ್ಕ್ ಕಾರ್ಡಿಗೊಂದು. ಇವುಗಳಲ್ಲಿ ಯಾವುದು ಬದಲಾದರೂ ಅದೇ ಕಂಪ್ಯೂಟರ್, ಯಾವುದು ಬದಲಾದರೆ ಬೇರೆ ಕಂಪ್ಯೂಟರ್ ಎಂಬುದನ್ನು ನೀವೇ ತೀರ್ಮಾನ ಮಾಡಬೇಕು. ಕೋಡ್ ಬರೆಯುವುದು ಆಮೇಲಿನ ಮಾತು. ಹೆಚ್ಚಿನವರು ಎಡವುವುದು ಈ ತೀರ್ಮಾನ ಮಾಡದೆ ನೇರವಾಗಿ ಕೋಡಿಗೆ ಕೈಹಾಕಿ.

ಶುರು ಮಾಡುವ ಮುಂಚೆ ನಾಲ್ಕು ಪದ ಗೊತ್ತಿರಲಿ.

ಹ್ಯಾಶ್: ಎಷ್ಟೇ ಉದ್ದದ ಮಾಹಿತಿ ಕೊಟ್ಟರೂ ನಿಗದಿತ ಉದ್ದದ ಸಂಖ್ಯೆ ಕೊಡುವ ಲೆಕ್ಕ. ಅದೇ ಮಾಹಿತಿಗೆ ಯಾವಾಗಲೂ ಅದೇ ಉತ್ತರ. ಒಂದು ಅಕ್ಷರ ಬದಲಾದರೂ ಉತ್ತರ ಪೂರ್ತಿ ಬದಲು.

ಹೆಕ್ಸ್: ಹದಿನಾರು ಅಂಕಿಗಳ ಎಣಿಕೆ. 0ರಿಂದ 9, ಆಮೇಲೆ ಎ, ಬಿ, ಸಿ, ಡಿ, ಇ, ಎಫ್. ಒಂದು ಹೆಕ್ಸ್ ಅಂಕಿ ಎಂದರೆ 4 ಬಿಟ್.

ಯುಯುಐಡಿ: 128 ಬಿಟ್‌ಗಳ ಗುರುತು ಸಂಖ್ಯೆ. ಬರೆದಾಗ 32 ಹೆಕ್ಸ್ ಅಂಕಿ, ನಡುವೆ ಅಡ್ಡಗೆರೆ. ವಿಂಡೋಸ್ ಜಗತ್ತಿನಲ್ಲಿ ಇದನ್ನೇ ಜಿಯುಐಡಿ ಎನ್ನುತ್ತಾರೆ.

ಎಸ್‌ಎಂಬಯಾಸ್: ಕಂಪ್ಯೂಟರ್ ಆನ್ ಆದಾಗ ಮದರ್‌ಬೋರ್ಡಿನ ಫರ್ಮ್‌ವೇರ್ (ಬೋರ್ಡಿನೊಳಗೇ ಕೂತ ಸಾಫ್ಟ್‌ವೇರ್) ತಯಾರಿಸಿಡುವ ವಿವರಗಳ ಪಟ್ಟಿ. ಯಂತ್ರದ ಮಾಡೆಲ್, ಸೀರಿಯಲ್ ನಂಬರ್, ಯುಯುಐಡಿ ಎಲ್ಲ ಇದರಲ್ಲಿರುತ್ತವೆ. ಆಪರೇಟಿಂಗ್ ಸಿಸ್ಟಮ್ ಇದನ್ನು ಸುಮ್ನೆ ಓದಿ ನಿಮಗೆ ದಾಟಿಸುತ್ತದೆ.

ಹಂತ 1: ಹಾರ್ಡ್‌ವೇರ್ ಐಡಿ ನಿಜಕ್ಕೂ ಬೇಕಾ?

ಇದನ್ನು ಮೊದಲು ಕೇಳಿಕೊಳ್ಳಿ. ನಿಮ್ಮ ಉದ್ದೇಶ ಎಷ್ಟು ಕಡೆ ಸಾಫ್ಟ್‌ವೇರ್ ಬಳಕೆಯಲ್ಲಿದೆ ಎಂದು ಎಣಿಸುವುದೋ, ಒಂದೇ ಯಂತ್ರದಿಂದ ಬಂದ ಕ್ರ್ಯಾಶ್ ವರದಿಗಳನ್ನು ಒಟ್ಟುಗೂಡಿಸುವುದೋ ಆಗಿದ್ದರೆ ಹಾರ್ಡ್‌ವೇರ್ ಕಡೆ ತಲೆಹಾಕುವ ಅಗತ್ಯವೇ ಇಲ್ಲ. ಇನ್‌ಸ್ಟಾಲ್ ಆಗುವಾಗ ನಾಲ್ಕನೇ ಆವೃತ್ತಿಯ ಯುಯುಐಡಿ ಒಂದನ್ನು ಹುಟ್ಟಿಸಿ, ಫೈಲಿನಲ್ಲಿ ಬರೆದಿಡಿ. ಅದರಲ್ಲಿ 122 ಬಿಟ್ ಪೂರ್ತಿ ಯಾದೃಚ್ಛಿಕ, ಅಂದರೆ ಲಾಟರಿ ಎತ್ತಿದ ಹಾಗೆ. ಎರಡು ಕಂಪ್ಯೂಟರಿಗೆ ಒಂದೇ ಸಂಖ್ಯೆ ಬರುವ ಚಿಂತೆ ಬಿಡಬಹುದು. ಮೂರು ಸಾಲಿನ ಕೋಡ್. ಬಳಕೆದಾರರ ಯಂತ್ರದ ಒಳವಿವರ ಕೆದಕಿದ ಆರೋಪವೂ ಇಲ್ಲ.

ಹಾಗಾದರೆ ಹಾರ್ಡ್‌ವೇರ್ ಐಡಿ ಯಾವಾಗ ಬೇಕು? ಎರಡು ಸಂದರ್ಭದಲ್ಲಿ. ಡಿಸ್ಕ್ ಫಾರ್ಮ್ಯಾಟ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡಿದರೂ ಅದೇ ಯಂತ್ರವೆಂದು ಗೊತ್ತಾಗಬೇಕಾದಾಗ. ಫೈಲ್ ನಕಲು ಮಾಡಿ ಬೇರೆ ಯಂತ್ರಕ್ಕೆ ಹಾಕಿದರೆ ಸಿಕ್ಕಿಬೀಳಬೇಕಾದಾಗ. ಲೈಸೆನ್ಸ್ ಕಟ್ಟುವ ಕೆಲಸಕ್ಕೆ ಎರಡೂ ಬೇಕು. ಅದಕ್ಕಾಗಿ ಮುಂದೆ ಓದಿ.

ಹಂತ 2: ಬದಲಾವಣೆಗಳ ಪಟ್ಟಿ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಬಳಕೆದಾರರು ಮಾಡಬಹುದಾದ ಬದಲಾವಣೆಗಳನ್ನು ಬರೆಯಿರಿ: ರ‍್ಯಾಮ್ ಹೆಚ್ಚಿಸುವುದು, ಡಿಸ್ಕ್ ಬದಲಿಸುವುದು, ವಿಂಡೋಸ್ ಮತ್ತೆ ಹಾಕುವುದು, ಯುಎಸ್‌ಬಿ ವೈಫೈ ಸಿಕ್ಕಿಸುವುದು, ಮದರ್‌ಬೋರ್ಡ್ ಬದಲಿಸುವುದು, ಇಡೀ ಡಿಸ್ಕನ್ನು ಬೇರೆ ಯಂತ್ರಕ್ಕೆ ಕ್ಲೋನ್ ಮಾಡುವುದು, ಅಂದರೆ ಇದ್ದ ಹಾಗೇ ನಕಲಿಸುವುದು. ಬಲಗಡೆ ಪ್ರತಿಯೊಂದರ ಎದುರು "ಅದೇ" ಅಥವಾ "ಬೇರೆ" ಎಂದು ಬರೆಯಿರಿ.

ನನ್ನ ಪಟ್ಟಿಯಲ್ಲಿ ಮದರ್‌ಬೋರ್ಡ್ ಮತ್ತು ಕ್ಲೋನ್ ಎದುರು ಮಾತ್ರ "ಬೇರೆ" ಇರುತ್ತದೆ. ನಿಮ್ಮದು ಹಾಗೇ ಇರಬೇಕೆಂದಿಲ್ಲ. ಆದರೆ ಪಟ್ಟಿಯೇ ಇಲ್ಲದೆ ಮುಂದೆ ಹೋಗಬೇಡಿ.

ಹಂತ 3: ವಿವರಗಳನ್ನು ಆಯ್ದುಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಪ್ರತಿ ವಿವರಕ್ಕೂ ಒಂದೊಂದು ರಗಳೆ ಇದೆ.

ಮದರ್‌ಬೋರ್ಡಿನ ಯುಯುಐಡಿ. ಎಸ್‌ಎಂಬಯಾಸ್ ಪಟ್ಟಿಯ ಟೈಪ್ 1 ಭಾಗದಲ್ಲಿರುತ್ತದೆ. ಇರುವುದರಲ್ಲಿ ಇದೇ ಗಟ್ಟಿ. ಡಿಸ್ಕ್ ಬದಲಾದರೂ, ಆಪರೇಟಿಂಗ್ ಸಿಸ್ಟಮ್ ಬದಲಾದರೂ ಇದು ಹಾಗೇ ಉಳಿಯುತ್ತದೆ. ದೊಡ್ಡ ಕಂಪನಿಗಳ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಸರಿಯಾಗಿರುತ್ತದೆ. ಬಿಡಿಭಾಗ ಕೊಂಡು ಜೋಡಿಸಿದ ಯಂತ್ರಗಳಲ್ಲಿ ಮಾತ್ರ ಕೆಲವೊಮ್ಮೆ ತಯಾರಕರು ಇದನ್ನು ತುಂಬಿಯೇ ಇರುವುದಿಲ್ಲ. ಅದರ ಕತೆ ಹಂತ 5ರಲ್ಲಿ.

ಡಿಸ್ಕಿನ ಸೀರಿಯಲ್ ನಂಬರ್. ಕಾರ್ಖಾನೆಯಲ್ಲಿ ಡಿಸ್ಕಿನೊಳಗೆ ಬರೆದದ್ದು, 20 ಅಕ್ಷರದವರೆಗೆ ಇರುತ್ತದೆ. ಫಾರ್ಮ್ಯಾಟ್ ಮಾಡಿದರೆ ಹೋಗುವುದಿಲ್ಲ. ಎಚ್ಚರ: ವಾಲ್ಯೂಮ್ ಸೀರಿಯಲ್ ನಂಬರ್ ಎಂಬುದು ಬೇರೆ. ಅದು ಫಾರ್ಮ್ಯಾಟ್ ಮಾಡುವಾಗ ವಿಂಡೋಸ್ ಹುಟ್ಟಿಸುವ 32 ಬಿಟ್‌ನ ಸಂಖ್ಯೆ. ಹಾರ್ಡ್‌ವೇರಿಗೂ ಅದಕ್ಕೂ ಸಂಬಂಧ ಇಲ್ಲ. ಫಾರ್ಮ್ಯಾಟ್ ಮಾಡಿದರೆ ಬದಲಾಗುತ್ತದೆ, ಡಿಸ್ಕ್ ಕ್ಲೋನ್ ಮಾಡಿದರೆ ಅದೂ ಜತೆಗೆ ನಕಲಾಗುತ್ತದೆ. ನಿಮಗೆ ಬೇಕಾದ್ದಕ್ಕೆ ಎರಡೂ ಕಡೆ ಉಲ್ಟಾ! ಹಳೆಯ ಕೋಡ್‌ಗಳಲ್ಲಿ ಜಾಸ್ತಿ ಕಾಣುವ ತಪ್ಪು ಇದೇ.

ಸೀರಿಯಲ್ ತೆಗೆದುಕೊಳ್ಳುವಾಗ ಆಪರೇಟಿಂಗ್ ಸಿಸ್ಟಮ್ ಯಾವ ಡಿಸ್ಕಿನಲ್ಲಿದೆಯೋ ಅದರದ್ದನ್ನೇ ತೆಗೆದುಕೊಳ್ಳಿ. "ಪಟ್ಟಿಯ ಮೊದಲ ಡಿಸ್ಕ್" ಎಂದು ಬರೆದರೆ, ಯುಎಸ್‌ಬಿ ಡಿಸ್ಕ್ ಸಿಕ್ಕಿಸಿ ಆನ್ ಮಾಡಿದ ದಿನ ಪಟ್ಟಿಯ ಕ್ರಮ ಬದಲಾಗಿ ಐಡಿಯೂ ಬದಲಾಗುತ್ತದೆ. ಹೊರಗಿನ ಯುಎಸ್‌ಬಿ ಪೆಟ್ಟಿಗೆಯಲ್ಲಿರುವ ಡಿಸ್ಕುಗಳನ್ನು ಬಿಟ್ಟೇಬಿಡಿ. ಎಷ್ಟೋ ಸಲ ಅವು ಡಿಸ್ಕಿನ ಸೀರಿಯಲ್ ಬದಲು ಪೆಟ್ಟಿಗೆಯ ಚಿಪ್ಪಿನ ಸೀರಿಯಲ್ ತೋರಿಸುತ್ತವೆ.

ಮ್ಯಾಕ್ ಅಡ್ರೆಸ್. ನೆಟ್‌ವರ್ಕ್ ಕಾರ್ಡಿನ 48 ಬಿಟ್ ವಿಳಾಸ. (ಆಪಲ್‌ನ ಮ್ಯಾಕ್ ಕಂಪ್ಯೂಟರಿಗೂ ಇದಕ್ಕೂ ಹೆಸರಿನ ನಂಟು ಬಿಟ್ಟರೆ ಬೇರೇನೂ ಇಲ್ಲ.) ಮೊದಲ ಅರ್ಧ ಐಇಇಇ ಸಂಸ್ಥೆ ತಯಾರಕರಿಗೆ ಹಂಚಿದ್ದು, ಉಳಿದರ್ಧ ತಯಾರಕರು ಕೊಟ್ಟಿದ್ದು. ಕೇಳಲು ಚೆನ್ನಾಗಿದೆ. ಆದರೆ ಒಂದು ಕಂಪ್ಯೂಟರಿನಲ್ಲಿ ಇಂಥವು ಎಷ್ಟಿರುತ್ತವೆ ಗೊತ್ತಾ? ಕೇಬಲ್ ಪೋರ್ಟಿಗೊಂದು, ವೈಫೈಗೊಂದು, ಬ್ಲೂಟೂತಿಗೊಂದು, ವಿಪಿಎನ್ ಹಾಕಿದರೆ ಮತ್ತೊಂದು, ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದಲೇ ಕಟ್ಟಿದ ಇನ್ನೊಂದು ಕಂಪ್ಯೂಟರ್) ಸಾಫ್ಟ್‌ವೇರ್ ಇದ್ದರೆ ಇನ್ನೆರಡು. ನಾನು ಮೊದಲು ಬರೆದ ಕೋಡ್ ಪಟ್ಟಿಯ ಮೊದಲನೆಯದನ್ನು ಎತ್ತಿಕೊಳ್ಳುತ್ತಿತ್ತು. ವಿಪಿಎನ್ ಆನ್ ಮಾಡಿದ ಕೂಡಲೇ ನನ್ನ ಲೈಸೆನ್ಸ್ ನನಗೇ ಇಲ್ಲವೆಂದಿತು.

ಡಾಕ್, ಅಂದರೆ ಲ್ಯಾಪ್‌ಟಾಪಿಗೆ ಒಂದೇ ಕೇಬಲಿನಿಂದ ನೆಟ್‌ವರ್ಕ್, ಪರದೆ ಎಲ್ಲ ಜೋಡಿಸುವ ಪೆಟ್ಟಿಗೆ, ಇನ್ನೊಂದು ಬಗೆಯ ತಲೆನೋವು. ಮೇಜಿನ ಮೇಲಿರುವ ಡಾಕಿಗೆ ಯಾರ ಲ್ಯಾಪ್‌ಟಾಪ್ ಸಿಕ್ಕಿಸಿದರೂ ಡಾಕಿನದೇ ಮ್ಯಾಕ್ ಅಡ್ರೆಸ್ ಕಾಣಿಸುತ್ತದೆ. ಹತ್ತು ಜನ ಒಂದೇ ಡಾಕ್ ಬಳಸಿದರೆ ಹತ್ತು ಲ್ಯಾಪ್‌ಟಾಪಿಗೂ ಅದೇ ವಿಳಾಸ. ಜತೆಗೆ ವಿಂಡೋಸ್ 10ರಿಂದ ವೈಫೈ ವಿಳಾಸವನ್ನು ಯಾದೃಚ್ಛಿಕ ಮಾಡುವ ಆಯ್ಕೆಯೂ ಬಂದಿದೆ.

ಹಾಗಾಗಿ ಮ್ಯಾಕ್ ಅಡ್ರೆಸ್ ಬಳಸುವುದಾದರೆ ಮೂರು ಜರಡಿ ಹಿಡಿಯಿರಿ. ಮದರ್‌ಬೋರ್ಡಿಗೆ ನೇರ ಕೂತ ಕಾರ್ಡುಗಳು ಮಾತ್ರ, ಯುಎಸ್‌ಬಿಯವು ಬೇಡ. ಈಗ ಬಳಕೆಯಲ್ಲಿರುವ ವಿಳಾಸ ಬೇಡ, ಕಾರ್ಖಾನೆಯಲ್ಲೇ ಕಾರ್ಡಿನೊಳಗೆ ಬರೆದ ಶಾಶ್ವತ ವಿಳಾಸ ಬೇಕು. ಮತ್ತೆ, ಎಡದಿಂದ ಎರಡನೇ ಹೆಕ್ಸ್ ಅಂಕಿ 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಬಿಡಿ. ಅದು ಸಾಫ್ಟ್‌ವೇರ್ ಇಟ್ಟುಕೊಂಡ ವಿಳಾಸ ಎಂಬುದರ ಗುರುತು. ಡಾಕರ್, ಕೆವಿಎಂ, ವರ್ಚುವಲ್‌ಬಾಕ್ಸ್, ವಿಎಂವೇರ್ ಇವೆಲ್ಲ ಒಂದು ಕಂಪ್ಯೂಟರಿನೊಳಗೆ ಬೇರೆ ಬೇರೆ ಪರಿಸರ ಕಟ್ಟುವ ಸಾಫ್ಟ್‌ವೇರುಗಳು. ಡಾಕರ್‌ನ 02:42, ಕೆವಿಎಂನ 52:54:00 ಇಲ್ಲೇ ಜರಡಿಗೆ ಸಿಗುತ್ತವೆ. ಆದರೆ ವರ್ಚುವಲ್‌ಬಾಕ್ಸಿನ 08:00:27, ವಿಎಂವೇರ್‌ನ 00:50:56 ನುಸುಳಿಕೊಂಡು ಹೋಗುತ್ತವೆ. ಅವನ್ನು ಹೆಸರು ಹಿಡಿದೇ ಪಟ್ಟಿಗೆ ಹಾಕಬೇಕು.

ಪ್ರಾಸೆಸರಿನ ಸಂಖ್ಯೆ. ಇದರ ಬಗ್ಗೆ ಒಂದು ತಪ್ಪು ನಂಬಿಕೆ ಗಟ್ಟಿಯಾಗಿ ಕೂತಿದೆ. 1999ರಲ್ಲಿ ಇಂಟೆಲ್ ಪೆಂಟಿಯಂ 3ರಲ್ಲಿ ಪ್ರತಿ ಚಿಪ್ಪಿಗೂ 96 ಬಿಟ್‌ನ ಸೀರಿಯಲ್ ನಂಬರ್ ಇಟ್ಟಿತ್ತು. ಖಾಸಗಿತನದ ಹೆಸರಿನಲ್ಲಿ ದೊಡ್ಡ ಗಲಾಟೆಯಾಯಿತು. ಮುಂದಿನ ಪ್ರಾಸೆಸರುಗಳಲ್ಲಿ ಅದನ್ನು ಕೈಬಿಟ್ಟರು. ಇವತ್ತು ವಿಂಡೋಸ್ "ಪ್ರಾಸೆಸರ್ ಐಡಿ" ಎಂದು ಕೊಡುವ 16 ಹೆಕ್ಸ್ ಅಂಕಿ ಸೀರಿಯಲ್ ಅಲ್ಲ. ಅದು ಚಿಪ್ಪಿನ ಮಾಡೆಲ್ ಮತ್ತು ಅದರ ಸೌಲಭ್ಯಗಳ ಸಂಕೇತ. ಅದೇ ಮಾಡೆಲಿನ ಸಾವಿರ ಕಂಪ್ಯೂಟರಿಗೂ ಅದೇ ಸಂಖ್ಯೆ ಬರುತ್ತದೆ. ಇದನ್ನು ಪೋಷಕ ವಿವರವಾಗಿ ಇಟ್ಟುಕೊಳ್ಳಬಹುದು. ಇದೊಂದನ್ನೇ ನಂಬಿದರೆ ಕೆಟ್ಟಿರಿ.

ರ‍್ಯಾಮಿನ ಗಾತ್ರ, ಗ್ರಾಫಿಕ್ಸ್ ಕಾರ್ಡಿನ ಹೆಸರು, ಕಂಪ್ಯೂಟರಿಗೆ ಇಟ್ಟ ಹೆಸರು, ಐಪಿ ವಿಳಾಸ: ಬೇಡ.

ಆಪರೇಟಿಂಗ್ ಸಿಸ್ಟಮ್ ಕೊಡುವ ಐಡಿ. ವಿಂಡೋಸಿನಲ್ಲಿ ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ಕಡತ) ಕ್ರಿಪ್ಟೋಗ್ರಫಿ ಕೀಲಿಯಡಿ ಮಷೀನ್‌ಜಿಯುಐಡಿ, ಲಿನಕ್ಸಿನಲ್ಲಿ ಈಟಿಸಿ ಫೋಲ್ಡರಿನ ಮಷೀನ್-ಐಡಿ ಫೈಲ್. ಎರಡೂ ಇನ್‌ಸ್ಟಾಲ್ ವೇಳೆ ಹುಟ್ಟುವಂಥವು, ಹಾರ್ಡ್‌ವೇರ್ ಅಲ್ಲ. ಓದಲು ಸುಲಭ, ಅಡ್ಮಿನ್ ಅಧಿಕಾರವೂ ಬೇಕಿಲ್ಲ. ಆದರೆ ಮತ್ತೆ ಇನ್‌ಸ್ಟಾಲ್ ಮಾಡಿದರೆ ಬದಲಾಗುತ್ತವೆ. ಒಂದೇ ಇಮೇಜಿನಿಂದ (ಸಿದ್ಧ ಮಾಡಿಟ್ಟ ಸಿಸ್ಟಮಿನ ಪ್ರತಿಯಿಂದ) ನೂರು ಕಂಪ್ಯೂಟರಿಗೆ ಸಿಸ್ಟಮ್ ಇಳಿಸಿ, ಮೊದಲು ಇಮೇಜನ್ನು ಶುಚಿ ಮಾಡದಿದ್ದರೆ ನೂರಕ್ಕೂ ಒಂದೇ ಐಡಿ ಬರುತ್ತದೆ. ಇದನ್ನು ಹಾರ್ಡ್‌ವೇರ್ ವಿವರಗಳ ಜತೆ ಕಲಸಬೇಡಿ. ಬೇಕಿದ್ದರೆ ಪಕ್ಕದಲ್ಲಿ ಬೇರೆಯಾಗಿ ಇಟ್ಟುಕೊಳ್ಳಿ. "ಯಂತ್ರ ಅದೇ, ಸಿಸ್ಟಮ್ ಹೊಸದು" ಎಂದು ತಿಳಿಯಲು ಅನುಕೂಲ.

ಹಂತ 4: ವಿವರಗಳನ್ನು ಓದಿ

ವಿಂಡೋಸಿನಲ್ಲಿ: ಡಬ್ಲ್ಯೂಎಂಐ ಮೂಲಕ ಓದಿ. ಇದು ಯಂತ್ರದ ವಿವರ ಕೇಳಲು ವಿಂಡೋಸ್ ಇಟ್ಟಿರುವ ಕಿಟಕಿ. ವಿನ್32 ಕಂಪ್ಯೂಟರ್‌ಸಿಸ್ಟಮ್‌ಪ್ರಾಡಕ್ಟ್ ಎಂಬ ಕ್ಲಾಸಿನಲ್ಲಿ ಯುಯುಐಡಿ ಸಿಗುತ್ತದೆ, ವಿನ್32 ಡಿಸ್ಕ್‌ಡ್ರೈವ್‌ನಲ್ಲಿ ಡಿಸ್ಕಿನ ಸೀರಿಯಲ್. ಶಾಶ್ವತ ಮ್ಯಾಕ್ ಅಡ್ರೆಸ್ ಬೇಕಿದ್ದರೆ ಪವರ್‌ಶೆಲ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರುಗಳ ಪಟ್ಟಿ ಕೇಳಿ, ಪರ್ಮನೆಂಟ್‌ಅಡ್ರೆಸ್ ಎಂಬ ಕಾಲಂ ನೋಡಿ. ಹಳೆಯ ಲೇಖನಗಳು ಡಬ್ಲ್ಯೂಎಂಐಸಿ ಎಂಬ ಕಮಾಂಡ್ ಬಳಸಲು ಹೇಳುತ್ತವೆ. 2021ರಲ್ಲೇ ಮೈಕ್ರೋಸಾಫ್ಟ್ ಅದನ್ನು ಕೈಬಿಡುವ ಪಟ್ಟಿಗೆ ಸೇರಿಸಿದೆ. ಹೊಸ ಕೋಡಿನಲ್ಲಿ ಬಳಸಬೇಡಿ. ಇನ್ನೊಂದು ಗುಂಡಿ: ನಿಮ್ಮ ಪ್ರೋಗ್ರಾಂ 32 ಬಿಟ್‌ನದಾಗಿದ್ದು ವಿಂಡೋಸ್ 64 ಬಿಟ್‌ನದಾಗಿದ್ದರೆ, ರಿಜಿಸ್ಟ್ರಿಯಲ್ಲಿ ಮಷೀನ್‌ಜಿಯುಐಡಿ "ಇಲ್ಲ" ಎನ್ನಬಹುದು. 64 ಬಿಟ್ ನೋಟವನ್ನೇ ಕೇಳಿ ತೆಗೆಯಿರಿ.

ಲಿನಕ್ಸಿನಲ್ಲಿ: ಸಿಸ್ ಫೋಲ್ಡರಿನ ಕ್ಲಾಸ್, ಅದರೊಳಗೆ ಡಿಎಂಐ, ಅದರೊಳಗೆ ಐಡಿ. ಅಲ್ಲಿ ಪ್ರಾಡಕ್ಟ್ ಯುಯುಐಡಿ ಎಂಬ ಫೈಲ್ ಇದೆ. ಆದರೆ ರೂಟ್ ಬಳಕೆದಾರರಿಗೆ, ಅಂದರೆ ಪೂರ್ತಿ ಅಧಿಕಾರವಿರುವವರಿಗೆ, ಮಾತ್ರ ಓದಲು ಬಿಡುತ್ತದೆ.

ಇಲ್ಲೇ ಒಂದು ದೊಡ್ಡ ಹೊಂಡ ಇದೆ. "ಸಿಕ್ಕಿದ್ದನ್ನು ತಗೊಂಡು ಹ್ಯಾಶ್ ಮಾಡು" ಎಂದು ಬರೆದರೆ, ರೂಟ್ ಆಗಿ ಓಡಿಸಿದಾಗ ಒಂದು ಐಡಿ, ಸಾಮಾನ್ಯ ಬಳಕೆದಾರರಾಗಿ ಓಡಿಸಿದಾಗ ಇನ್ನೊಂದು ಐಡಿ ಬರುತ್ತದೆ. ಯಂತ್ರ ಒಂದೇ! ಪರಿಹಾರ: ರೂಟ್ ಅಧಿಕಾರವಿರುವ ಇನ್‌ಸ್ಟಾಲರ್ ಒಮ್ಮೆ ಓದಿ, ಹ್ಯಾಶ್ ಮಾಡಿ, ಎಲ್ಲರೂ ಓದಬಹುದಾದ ಫೈಲಿನಲ್ಲಿ ಇಡಲಿ. ಪ್ರತಿ ಸಲ ಯಂತ್ರ ಶುರುವಾದಾಗ ಚಿಕ್ಕ ಸರ್ವಿಸ್ ಒಂದು ಅದನ್ನು ಮತ್ತೆ ತಾಳೆ ನೋಡಲಿ. ಓದಲು ಬಿಡದಿದ್ದರೆ ಅದನ್ನು "ಗೊತ್ತಿಲ್ಲ" ಎಂದು ದಾಖಲಿಸಿ. "ಖಾಲಿ" ಎಂದಲ್ಲ.

ನೆಟ್‌ವರ್ಕ್ ಕಾರ್ಡುಗಳು ಸಿಸ್ ಫೋಲ್ಡರಿನ ಕ್ಲಾಸ್ ಒಳಗೆ ನೆಟ್ ಎಂಬಲ್ಲಿರುತ್ತವೆ. ಅಡ್ರೆಸ್-ಅಸೈನ್-ಟೈಪ್ ಫೈಲಿನಲ್ಲಿ 0 ಇದ್ದರೆ ಶಾಶ್ವತ ವಿಳಾಸ, ಬೇರೆ ಅಂಕಿ ಇದ್ದರೆ ಅಲ್ಲ.

ಮ್ಯಾಕ್‌ಓಎಸ್‌ನಲ್ಲಿ: ಐಓಪ್ಲಾಟ್‌ಫಾರ್ಮ್‌ಯುಯುಐಡಿ ಕೇಳಿ ತೆಗೆಯಿರಿ. ಸಾಮಾನ್ಯ ಬಳಕೆದಾರರಿಗೂ ಸಿಗುತ್ತದೆ. ಈಚಿನ ಮ್ಯಾಕ್ ಲ್ಯಾಪ್‌ಟಾಪುಗಳಲ್ಲಿ ಡಿಸ್ಕೂ ಬೋರ್ಡಿಗೇ ಬೆಸೆದಿರುತ್ತದೆ, ಹಾಗಾಗಿ ಇದೊಂದೇ ಸಾಕು.

ಹಂತ 5: ಕಸ ಹೊರಗೆ ಹಾಕಿ

ಸಂಖ್ಯೆ ಸಿಕ್ಕಿತು ಎಂದು ಖುಷಿಪಡುವ ಮುಂಚೆ ಅದು ನಿಜವಾದ ಸಂಖ್ಯೆಯೇ ಎಂದು ನೋಡಿ. ಯುಯುಐಡಿಯಲ್ಲಿ ಎಲ್ಲಾ ಅಂಕಿ 0 ಅಥವಾ ಎಲ್ಲಾ ಎಫ್ ಇದ್ದರೆ "ಇಲ್ಲಿ ಏನೂ ಇಲ್ಲ" ಎಂದರ್ಥ. ಇದು ಎಸ್‌ಎಂಬಯಾಸ್ ನಿಯಮದಲ್ಲೇ ಇದೆ. ನಿಯಮದಲ್ಲಿ ಇಲ್ಲದ ಕಳ್ಳನೊಬ್ಬ ಇದ್ದಾನೆ: 03000200-0400-0500-0006-000700080009. ನೋಡಲು ಸಾಚಾ ಯುಯುಐಡಿಯ ಹಾಗಿದೆ. ಆದರೆ ಅಂಕಿಗಳನ್ನು ಗಮನಿಸಿ, 2, 3, 4, 5, 6, 7, 8, 9. ಯಾರೋ ಮಾದರಿಗೆ ತುಂಬಿಟ್ಟದ್ದು ಹಾಗೇ ಉಳಿದುಬಿಟ್ಟಿದೆ. ಬೇರೆ ಬೇರೆ ಕಂಪನಿಯ ಎಷ್ಟೋ ಬೋರ್ಡುಗಳಲ್ಲಿ ಇದೇ ಸಿಗುತ್ತದೆ.

ಸೀರಿಯಲ್ ನಂಬರಿನ ಜಾಗದಲ್ಲಿ "ಟು ಬಿ ಫಿಲ್ಡ್ ಬೈ ಓ.ಇ.ಎಂ.", ಅಂದರೆ "ತಯಾರಕರು ತುಂಬಬೇಕು" ಎಂಬ ಸಾಲು ಇಂಗ್ಲಿಷಿನಲ್ಲಿ ಸಿಗುತ್ತದೆ. ತಯಾರಕರು ತುಂಬಿಲ್ಲ, ಅಷ್ಟೇ. "ಡಿಫಾಲ್ಟ್ ಸ್ಟ್ರಿಂಗ್", "ಸಿಸ್ಟಮ್ ಸೀರಿಯಲ್ ನಂಬರ್", "ನನ್", 123456789, ಬರೀ 0, ಬರೀ ಚುಕ್ಕಿ: ಎಲ್ಲವೂ ಕಸ. ಇಂಥವುಗಳ ಪಟ್ಟಿಯನ್ನು ಕೋಡಿನೊಳಗೆ ಹೂಳಬೇಡಿ. ಸರ್ವರಿನಲ್ಲಿಡಿ. ಹೊಸ ಕಸ ಸಿಗುತ್ತಲೇ ಇರುತ್ತದೆ. ಒಂದೇ ಸೀರಿಯಲ್ ಹತ್ತಾರು ಗ್ರಾಹಕರ ಹೆಸರಿನಲ್ಲಿ ಕಂಡರೆ ಅದನ್ನೂ ಪಟ್ಟಿಗೆ ಸೇರಿಸಿ.

ಹಂತ 6: ಒಂದೇ ರೂಪಕ್ಕೆ ತನ್ನಿ

ಹ್ಯಾಶ್‌ಗೆ ದಯೆ ದಾಕ್ಷಿಣ್ಯ ಇಲ್ಲ. ಕೊನೆಯಲ್ಲಿ ಒಂದು ಖಾಲಿ ಜಾಗ ಜಾಸ್ತಿ ಇದ್ದರೂ ಬೇರೆಯೇ ಉತ್ತರ. ಆದ್ದರಿಂದ:

ಹಿಂದುಮುಂದಿನ ಖಾಲಿ ಜಾಗ ತೆಗೆಯಿರಿ. ಡಿಸ್ಕಿನ ಸೀರಿಯಲ್ 20 ಅಕ್ಷರಕ್ಕಿಂತ ಚಿಕ್ಕದಿದ್ದರೆ ಖಾಲಿ ಜಾಗ ತುಂಬಿ ಬರುತ್ತದೆ.

ಎಲ್ಲವನ್ನೂ ದೊಡ್ಡಕ್ಷರ ಮಾಡಿ. ಆದರೆ ಆ ಕಂಪ್ಯೂಟರಿನ ಭಾಷೆಯ ಸೆಟ್ಟಿಂಗಿನ ಪ್ರಕಾರ ಅಲ್ಲ. ಟರ್ಕಿ ಭಾಷೆಯ ಸೆಟ್ಟಿಂಗಿನಲ್ಲಿ ಇಂಗ್ಲಿಷಿನ ಚಿಕ್ಕ ಐ ದೊಡ್ಡದಾದಾಗ ತಲೆಯ ಮೇಲೆ ಚುಕ್ಕಿ ಉಳಿದು ಬೇರೆಯೇ ಅಕ್ಷರ ಆಗುತ್ತದೆ. ಭಾಷೆಗೆ ಅಂಟದ ವಿಧಾನ ಪ್ರತಿ ಪ್ರೋಗ್ರಾಮಿಂಗ್ ಭಾಷೆಯಲ್ಲೂ ಇದೆ, ಅದನ್ನು ಬಳಸಿ.

ಅಕ್ಷರಗಳನ್ನು ಬೈಟ್ ಮಾಡುವಾಗ ಯಾವಾಗಲೂ ಯುಟಿಎಫ್-8 ಎಂಬ ಬಗೆಯನ್ನೇ ಬಳಸಿ. ಒಂದು ಕಡೆ ಯುಟಿಎಫ್-16 ಬಳಸಿ ಇನ್ನೊಂದು ಕಡೆ ಯುಟಿಎಫ್-8 ಬಳಸಿದರೆ ಎರಡೂ ತಾಳೆಯಾಗುವುದಿಲ್ಲ.

ಯುಯುಐಡಿಯ ಬೈಟ್ ಕ್ರಮ ನೋಡಿಕೊಳ್ಳಿ. ಮೊದಲ ಮೂರು ಭಾಗಗಳನ್ನು ಎಸ್‌ಎಂಬಯಾಸ್ 2.6ರಿಂದ ತಿರುಗುಮುರುಗು ಕ್ರಮದಲ್ಲಿ ಓದಬೇಕು. ಕೆಲವು ಹಳೆಯ ಸಾಧನಗಳು ಹಾಗೆ ಓದುವುದಿಲ್ಲ. ಅದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದು, ಯುಯುಐಡಿಯ ಮೊದಲರ್ಧ ಮಾತ್ರ ಕಲಸಿದ ಹಾಗೆ ಕಂಡರೆ ಕಾರಣ ಇದೇ.

ಹಂತ 7: ಹ್ಯಾಶ್ ಮಾಡಿ, ಆದರೆ ಕೀಲಿ ಹಾಕಿ

ಇಲ್ಲಿ ಹೆಚ್ಚಿನವರು ಹೇಳುವುದು ಇಷ್ಟು: ಎಲ್ಲ ವಿವರಗಳನ್ನು ಸಾಲಾಗಿ ಅಂಟಿಸಿ, ಎಂಡಿ5 ಎಂಬ ಹ್ಯಾಶ್ ಹಾಕಿ, ಮುಗಿಯಿತು. ಇದರಲ್ಲಿ ಮೂರು ತಪ್ಪಿವೆ.

ಮೊದಲನೆಯದು ಎಂಡಿ5. 2004ರಲ್ಲೇ ಅದನ್ನು ಮುರಿದು ತೋರಿಸಿದ್ದಾರೆ. ಎಸ್‌ಎಚ್‌ಎ-256 ಎಂಬ ಗಟ್ಟಿ ಹ್ಯಾಶ್ ಎಲ್ಲಾ ಕಡೆ ಸಿಗುತ್ತದೆ, ಅದನ್ನೇ ಬಳಸಿ.

ಎರಡನೆಯದು, ಬರೀ ಹ್ಯಾಶ್ ಏನನ್ನೂ ಮುಚ್ಚಿಡುವುದಿಲ್ಲ. ಲೆಕ್ಕ ಹಾಕಿ ನೋಡಿ. ಮ್ಯಾಕ್ ಅಡ್ರೆಸ್ಸಿನ ಮೊದಲರ್ಧ ತಯಾರಕರದ್ದು, ಅದರ ಪಟ್ಟಿ ಬಹಿರಂಗ. ಉಳಿದ 24 ಬಿಟ್‌ಗೆ ಸಾಧ್ಯತೆಗಳು 1,67,77,216 ಮಾತ್ರ. ಸಾಮಾನ್ಯ ಲ್ಯಾಪ್‌ಟಾಪ್ ಕೆಲವೇ ಸೆಕೆಂಡಿನಲ್ಲಿ ಅಷ್ಟನ್ನೂ ಹ್ಯಾಶ್ ಮಾಡಿ ಮುಗಿಸುತ್ತದೆ. "ನಾವು ಮ್ಯಾಕ್ ಅಡ್ರೆಸ್ ಇಟ್ಟುಕೊಳ್ಳುವುದಿಲ್ಲ, ಬರೀ ಹ್ಯಾಶ್ ಇಡುತ್ತೇವೆ" ಎಂಬ ಮಾತಿಗೆ ಬೆಲೆ ಇಲ್ಲ.

ಅದಕ್ಕೆ ಎಚ್‌ಮ್ಯಾಕ್ ಬಳಸಿ. ಹ್ಯಾಶ್ ಮಾಡುವಾಗ ಒಂದು ಗುಟ್ಟಿನ ಕೀಲಿಯನ್ನೂ ಸೇರಿಸುವ ವಿಧಾನ ಅದು. ಕೀಲಿ ಗೊತ್ತಿಲ್ಲದವರು ಊಹಿಸಿ ತಾಳೆ ನೋಡಲಾಗದು. ಪ್ರತಿ ಪ್ರಾಡಕ್ಟಿಗೂ ಬೇರೆ ಕೀಲಿ ಇರಲಿ. ಆಗ ನಿಮ್ಮ ಎರಡು ಸಾಫ್ಟ್‌ವೇರುಗಳ ದಾಖಲೆ ಪಕ್ಕಪಕ್ಕ ಇಟ್ಟರೂ ಯಂತ್ರಗಳನ್ನು ಜೋಡಿಸಲಾಗುವುದಿಲ್ಲ. ಲಿನಕ್ಸನ್ನು ಶುರು ಮಾಡಿ ನಡೆಸುವ ಸಿಸ್ಟಮ್‌ಡಿ ಕೂಡ ಇದೇ ಹೇಳುತ್ತದೆ: ಮಷೀನ್-ಐಡಿಯನ್ನು ಹಾಗೇ ಹೊರಗೆ ಕಳಿಸಬೇಡಿ, ಆ್ಯಪ್‌ಗೊಂದು ಬೇರೆ ಐಡಿ ಹುಟ್ಟಿಸಿ ಎಂದು. ಅದಕ್ಕೆ ಎಚ್‌ಮ್ಯಾಕ್ ಆಧಾರಿತ ಸೌಲಭ್ಯವನ್ನೂ ಕೊಟ್ಟಿದೆ. ಆದರೆ ಗ್ರಾಹಕರ ಯಂತ್ರದಲ್ಲಿ ಇರುವ ಪ್ರೋಗ್ರಾಮಿನೊಳಗಿನ ಕೀಲಿಯನ್ನು ಕೆದಕಿ ತೆಗೆಯಬಹುದು. ಹಾಗಾಗಿ ಸರ್ವರಿಗೆ ಬಂದ ಮೇಲೆ, ಸರ್ವರಿನಲ್ಲಿ ಮಾತ್ರ ಇರುವ ಇನ್ನೊಂದು ಕೀಲಿಯಿಂದ ಮತ್ತೊಮ್ಮೆ ಎಚ್‌ಮ್ಯಾಕ್ ಮಾಡಿ ಇಡಿ. ಎರಡು ಸಾಲು ಕೋಡ್ ಜಾಸ್ತಿ, ಅಷ್ಟೇ.

ಮೂರನೆಯ ತಪ್ಪು ಎಲ್ಲವನ್ನೂ ಅಂಟಿಸುವುದು. ಅದರಿಂದ ಆಗುವ ನಷ್ಟವೇ ದೊಡ್ಡದು. ಅದು ಮುಂದಿನ ಹಂತ.

ಹಂತ 8: ಒಂದೇ ದೊಡ್ಡ ಹ್ಯಾಶ್ ಬೇಡ, ಅಂಕ ಕೊಡಿ

ಎಲ್ಲಾ ವಿವರ ಸೇರಿಸಿ ಒಂದು ಹ್ಯಾಶ್ ಮಾಡಿದರೆ ಡಿಸ್ಕ್ ಬದಲಾದ ದಿನ ಹೊಸ ಐಡಿ ಬರುತ್ತದೆ. ಏನು ಬದಲಾಯಿತು, ಎಷ್ಟು ಬದಲಾಯಿತು ಎಂದು ತಿಳಿಯುವ ದಾರಿಯೇ ಇಲ್ಲ. ಹಂತ 2ರಲ್ಲಿ ಬರೆದ ಪಟ್ಟಿ ಸುಮ್ನೆ ಹಾಳೆಯಲ್ಲಿ ಉಳಿಯುತ್ತದೆ.

ಬದಲಿಗೆ ಪ್ರತಿ ವಿವರವನ್ನೂ ಬೇರೆ ಬೇರೆ ಎಚ್‌ಮ್ಯಾಕ್ ಮಾಡಿ ಇಡಿ. ಪ್ರತಿಯೊಂದಕ್ಕೂ ಅಂಕ ಕೊಡಿ. ನಾನು ಬಳಸುವುದು: ಮದರ್‌ಬೋರ್ಡ್ ಯುಯುಐಡಿಗೆ 5, ಸಿಸ್ಟಮ್ ಡಿಸ್ಕಿಗೆ 3, ಮ್ಯಾಕ್ ಅಡ್ರೆಸ್ಸಿಗೆ 2, ಪ್ರಾಸೆಸರ್ ಮಾಡೆಲಿಗೆ 1. ಒಟ್ಟು 11. ಸಿಕ್ಕ ಅಂಕ ಅರ್ಧಕ್ಕಿಂತ ಜಾಸ್ತಿ ಇದ್ದರೆ ಅದೇ ಯಂತ್ರ.

ಡಿಸ್ಕ್ ಬದಲಾಯಿತು: 8, ಪಾಸ್. ಡಿಸ್ಕೂ ನೆಟ್‌ವರ್ಕ್ ಕಾರ್ಡೂ ಬದಲಾದವು: 6, ಆದರೂ ಪಾಸ್. ಮದರ್‌ಬೋರ್ಡ್ ಬದಲಾಯಿತು: ಅದರ ಮೇಲಿದ್ದ ನೆಟ್‌ವರ್ಕ್ ಚಿಪ್ಪೂ ಜತೆಗೆ ಹೋಗುತ್ತದೆ, ಉಳಿಯುವುದು 4, ಫೇಲ್. ಡಿಸ್ಕ್ ಕಿತ್ತು ಬೇರೆ ಯಂತ್ರಕ್ಕೆ ಹಾಕಿದರು: 3, ಪ್ರಾಸೆಸರ್ ಅದೇ ಮಾಡೆಲ್ ಆಗಿದ್ದರೂ 4, ಫೇಲ್. ಹಂತ 2ರ ಪಟ್ಟಿ ಹೇಳಿದ್ದೂ ಇದನ್ನೇ.

ಕಸವೆಂದು ಬಿಟ್ಟ ವಿವರದ ಅಂಕವನ್ನು ಒಟ್ಟು ಮೊತ್ತದಿಂದಲೂ ಕಳೆಯಿರಿ. ಆದರೆ ಒಂದು ಕೆಳಮಿತಿ ಇರಲೇಬೇಕು. ಎಲ್ಲ ಕಸವಾಗಿ ಪ್ರಾಸೆಸರ್ ಒಂದೇ ಉಳಿದರೆ 1ಕ್ಕೆ 1 ಸಿಕ್ಕಿ, ಆ ಮಾಡೆಲಿನ ಎಲ್ಲ ಕಂಪ್ಯೂಟರೂ ಒಂದೇ ಎಂದಾಗಿಬಿಡುತ್ತದೆ! ಒಟ್ಟು ಮೊತ್ತ 5ಕ್ಕಿಂತ ಕಡಿಮೆಯಾದರೆ ಹಾರ್ಡ್‌ವೇರ್ ದಾರಿ ಬಿಟ್ಟು ಹಂತ 1ರ ಯಾದೃಚ್ಛಿಕ ಯುಯುಐಡಿಗೆ ಹೋಗಿ.

ಪಾಸ್ ಆದಾಗ ಬದಲಾದ ವಿವರವನ್ನು ದಾಖಲೆಯಲ್ಲಿ ಹೊಸದಕ್ಕೆ ತಿದ್ದಿ. ಇಲ್ಲದಿದ್ದರೆ ಎರಡು ವರ್ಷದ ಸಣ್ಣಪುಟ್ಟ ಬದಲಾವಣೆ ಕೂಡಿ ಒಂದು ದಿನ ಫೇಲ್ ಆಗುತ್ತದೆ. ತಿದ್ದಿದ ದಿನಾಂಕವನ್ನೂ ಬರೆದಿಡಿ. ಒಂದೇ ವಾರದಲ್ಲಿ ನಾಲ್ಕು ಸಲ ತಿದ್ದುಪಡಿಯಾದರೆ ಯಾರೋ ಆಟ ಆಡುತ್ತಿದ್ದಾರೆ ಎಂದರ್ಥ.

ಇದೇನೂ ಹೊಸ ಯೋಚನೆ ಅಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಆ್ಯಕ್ಟಿವೇಶನ್ ಕೂಡ ಬಿಡಿಭಾಗಗಳ ಹ್ಯಾಶ್‌ಗಳನ್ನು ಬೇರೆ ಬೇರೆ ಇಟ್ಟುಕೊಂಡು, ಕೆಲವು ಬದಲಾದರೆ ಸುಮ್ಮನಿದ್ದು, ಜಾಸ್ತಿ ಬದಲಾದರೆ ಮಾತ್ರ ಮತ್ತೆ ಆ್ಯಕ್ಟಿವೇಟ್ ಮಾಡಲು ಕೇಳುತ್ತಿತ್ತು.

ಹಾಗಾದರೆ ಐಡಿ ಎಲ್ಲಿ? ಮೊದಲ ಸಲ ಯಂತ್ರ ಕಂಡಾಗ ಸರ್ವರ್ ಒಂದು ಯಾದೃಚ್ಛಿಕ ಐಡಿ ಕೊಡಲಿ. ಹಾರ್ಡ್‌ವೇರ್ ವಿವರಗಳು ಆ ಐಡಿಯನ್ನು ಮತ್ತೆ ಹುಡುಕಲು ಸಾಕ್ಷಿ ಮಾತ್ರ. ಸರ್ವರೇ ಇಲ್ಲದಿದ್ದರೆ ಲೈಸೆನ್ಸ್ ಫೈಲಿನಲ್ಲೇ ನಾಲ್ಕೂ ಹ್ಯಾಶ್ ಹಾಕಿ, ಡಿಜಿಟಲ್ ಸಹಿ ಮಾಡಿ ಕೊಡಿ.

ಹಂತ 9: ಜನ ಓದುವ ರೂಪ ಕೊಡಿ

ಎಸ್‌ಎಚ್‌ಎ-256 ಉತ್ತರ 64 ಹೆಕ್ಸ್ ಅಂಕಿ ಉದ್ದ. ಫೋನಿನಲ್ಲಿ ಓದಿ ಹೇಳಲು ಆಗದು. ಹಾಗೆಂದು 8 ಅಂಕಿಗೆ ಕತ್ತರಿಸಬೇಡಿ. ಅದು 32 ಬಿಟ್ ಮಾತ್ರ. ಸುಮಾರು 77 ಸಾವಿರ ಯಂತ್ರಗಳಾಗುವಷ್ಟರಲ್ಲಿ ಎಲ್ಲೋ ಎರಡಕ್ಕೆ ಒಂದೇ ಐಡಿ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. 32 ಅಕ್ಷರ-ಅಂಕಿ ಬಳಸುವ ಬೇಸ್32 ಎಂಬ ಬರಹದಲ್ಲಿ 16 ಅಕ್ಷರ ಇಟ್ಟರೆ 80 ಬಿಟ್ ಸಿಗುತ್ತದೆ, ಅದು ಸಾಕು. ನಾಲ್ಕು ನಾಲ್ಕು ಅಕ್ಷರ ಬಿಡಿಸಿ ತೋರಿಸಿ. 1 ಮತ್ತು ಐ, 0 ಮತ್ತು ಓ ಗೊಂದಲ ತಪ್ಪಿಸಲು ಐ, ಎಲ್, ಓ, ಯು ಅಕ್ಷರ ಬಿಟ್ಟಿರುವ ಕ್ರಾಕ್‌ಫರ್ಡ್ ಬಗೆಯ ಬೇಸ್32 ಒಳ್ಳೆಯದು. ಮುಂದೆ ಲೆಕ್ಕದ ವಿಧಾನ ಬದಲಿಸಬೇಕಾಗಬಹುದು, ಆದ್ದರಿಂದ ಐಡಿಯ ಶುರುವಿನಲ್ಲಿ ಆವೃತ್ತಿಯ ಅಂಕಿ ಒಂದು ಇರಲಿ.

ವರ್ಚುವಲ್ ಮಷೀನ್, ಮೊಬೈಲ್, ಮೋಸಗಾರರು

ವರ್ಚುವಲ್ ಮಷೀನಿನಲ್ಲಿ ಎಲ್ಲ ಹಾರ್ಡ್‌ವೇರ್ ಸಂಖ್ಯೆಗಳೂ ಒಂದು ಸೆಟ್ಟಿಂಗ್ ಫೈಲಿನ ಸಾಲುಗಳು. ಯಾರು ಬೇಕಾದರೂ ತಿದ್ದಬಹುದು. ವಿಎಂವೇರ್ "ನೀವು ಇದನ್ನು ಜಾಗ ಬದಲಿಸಿದ್ದೀರೋ, ನಕಲು ಮಾಡಿದ್ದೀರೋ" ಎಂದು ಕೇಳುತ್ತದಲ್ಲ, ನಕಲು ಎಂದರೆ ಹೊಸ ಯುಯುಐಡಿ, ಜಾಗ ಬದಲು ಎಂದರೆ ಹಳೆಯದೇ. ಬಳಕೆದಾರರು ಯಾವ ಬಟನ್ ಒತ್ತುತ್ತಾರೋ ಅದರ ಮೇಲೆ ನಿಮ್ಮ ಐಡಿ ನಿಂತಿದೆ. ಇಂಥ ಕಡೆ ಯಂತ್ರಕ್ಕಲ್ಲದೆ ಖಾತೆಗೆ ಲೈಸೆನ್ಸ್ ಕಟ್ಟುವುದು ಮೇಲು.

ಮೊಬೈಲಿನಲ್ಲಿ ಈ ಯಾವ ಹಂತವೂ ನಡೆಯುವುದಿಲ್ಲ. ಐಓಎಸ್ 7 ಬಂದ 2013ರಿಂದ, ಆಂಡ್ರಾಯ್ಡ್ 6 ಬಂದ 2015ರಿಂದ ಆ್ಯಪ್‌ಗಳು ಮ್ಯಾಕ್ ಅಡ್ರೆಸ್ ಕೇಳಿದರೆ ಎಲ್ಲ ಫೋನಿನಲ್ಲೂ 02:00:00:00:00:00 ಎಂಬ ಒಂದೇ ಉತ್ತರ. ಆಂಡ್ರಾಯ್ಡ್ 10ರಿಂದ ಸಾಮಾನ್ಯ ಆ್ಯಪ್‌ಗಳಿಗೆ ಐಎಂಇಐ, ಅಂದರೆ ಫೋನಿನ ಗುರುತು ಸಂಖ್ಯೆ, ಸಿಗುವುದಿಲ್ಲ. ಸಿಸ್ಟಮ್ ಕೊಡುವ ಐಡಿಯನ್ನೇ ಬಳಸಿ.

ಮೋಸ ಮಾಡಲೇಬೇಕೆಂದು ಕೂತವರನ್ನು ಈ ವಿಧಾನ ತಡೆಯುವುದಿಲ್ಲ. ಮ್ಯಾಕ್ ಅಡ್ರೆಸ್ ಬದಲಿಸಲು ಒಂದು ಕಮಾಂಡ್ ಸಾಕು. ಅಂಥವರಿಗೆ ಟಿಪಿಎಂ ಬೇಕು. ಮದರ್‌ಬೋರ್ಡ್ ಅಥವಾ ಪ್ರಾಸೆಸರಿನೊಳಗಿರುವ ಭದ್ರತಾ ಚಿಪ್ಪು ಅದು. ಅದರೊಳಗಿನ ಗುಟ್ಟಿನ ಕೀಲಿ ಹೊರಗೆ ಬರುವುದೇ ಇಲ್ಲ. ನೀವು ಕಳಿಸಿದ ಪ್ರಶ್ನೆಗೆ ಆ ಚಿಪ್ಪೇ ಉತ್ತರ ಕೊಡಬೇಕು. ವಿಂಡೋಸ್ 11ಕ್ಕೆ ಟಿಪಿಎಂ 2.0 ಕಡ್ಡಾಯ, ಹಾಗಾಗಿ ಹೊಸ ಯಂತ್ರಗಳಲ್ಲಿ ಸಿಗುತ್ತದೆ. ಕೆಲಸ ಮಾತ್ರ ಜಾಸ್ತಿ.

ಹಂತ 10: ಪರೀಕ್ಷೆ

ಬಿಡುಗಡೆಗೆ ಮುಂಚೆ ಇಷ್ಟನ್ನು ಮಾಡಿ ನೋಡಿ. ಯಂತ್ರ ಮರುಪ್ರಾರಂಭಿಸಿ. ವಿಪಿಎನ್ ಹಾಕಿ, ತೆಗೆಯಿರಿ. ವೈಫೈ ಆಫ್ ಮಾಡಿ. ಡಾಕಿಗೆ ಸಿಕ್ಕಿಸಿ. ಯುಎಸ್‌ಬಿ ಡಿಸ್ಕ್ ಸಿಕ್ಕಿಸಿದ ಹಾಗೇ ಆನ್ ಮಾಡಿ. ಅಡ್ಮಿನ್ ಆಗಿ ಒಮ್ಮೆ, ಸಾಮಾನ್ಯ ಬಳಕೆದಾರರಾಗಿ ಒಮ್ಮೆ ಓಡಿಸಿ. ಕಂಪ್ಯೂಟರಿನ ಭಾಷೆಯನ್ನು ಟರ್ಕಿಗೆ ಬದಲಿಸಿ. ಬಯಾಸ್ (ಮದರ್‌ಬೋರ್ಡಿನ ಫರ್ಮ್‌ವೇರ್) ಅಪ್‌ಡೇಟ್ ಮಾಡಿ; ಅಪರೂಪಕ್ಕೆ ಅದು ಯುಯುಐಡಿಯನ್ನೇ ಅಳಿಸಿಬಿಡುತ್ತದೆ. ಇಷ್ಟರಲ್ಲೂ ಐಡಿ ಅದೇ ಇರಬೇಕು. ಆಮೇಲೆ ಅದೇ ಮಾಡೆಲಿನ ಎರಡು ಕಂಪ್ಯೂಟರ್ ಪಕ್ಕಪಕ್ಕ ಇಟ್ಟು, ಒಂದರ ಡಿಸ್ಕನ್ನು ಇನ್ನೊಂದರ ಡಿಸ್ಕಿಗೆ ಕ್ಲೋನ್ ಮಾಡಿ. ಇಲ್ಲಿ ಮಾತ್ರ ಐಡಿ ಬೇರೆ ಬರಬೇಕು.

ಕೊನೆಗೆ ಇನ್ನೊಂದು ಕೆಲಸ ಉಳಿದಿದೆ. ತಾಳೆ ಆಗದಿದ್ದಾಗ ಪರದೆಯ ಮೇಲೆ ಏನು ಬರಬೇಕು ಎಂದು ಬರೆಯಿರಿ. "ಲೈಸೆನ್ಸ್ ಸಿಂಧುವಲ್ಲ" ಎಂದಷ್ಟೇ ಹಾಕಿ ಬಾಗಿಲು ಮುಚ್ಚಬೇಡಿ. ಮದರ್‌ಬೋರ್ಡ್ ಸುಟ್ಟು ರಿಪೇರಿ ಮಾಡಿಸಿಕೊಂಡು ಬಂದವರು ಕಳ್ಳರಲ್ಲ. ಕೆಲವು ದಿನ ಕೆಲಸ ಮಾಡಲು ಬಿಟ್ಟು, ಆ ಹದಿನಾರು ಅಕ್ಷರದ ಐಡಿಯನ್ನು ದೊಡ್ಡದಾಗಿ ತೋರಿಸಿ, ಯಾರನ್ನು ಸಂಪರ್ಕಿಸಬೇಕು ಎಂದು ಅದರ ಕೆಳಗೇ ಹಾಕಿ.